ಬ್ರೇಕಿನ ಡಬ್ಬಿಗೆ ಕೀಲೆಣ್ಣಿ

ರೇಣುಕಾ ಮೂರನೆಯ ಕ್ಲಾಸಿನಲ್ಲಿದ್ದಾಗ ಅವಳಪ್ಪ ವೆಂಕೋಬ ಒಂದು ಮಾತು ಕೊಟ್ಟಿದ್ದ. ಹುಣ್ಣಿಮೆಗೆ ಹುಲಿಗಿಗೆ ಹೊರಟ ಜೀಪಿನಲ್ಲಿ ಮಗಳನ್ನು ಮುಂದಿನ ಸೀಟಿಗೆ ಕೂಡಿಸಿದ್ದವನು, ಬಾಡಿಗೆಯ ಮಂದಿ ಹೆಚ್ಚಾದರೆಂದು ಬೇವೂರಿನ ಸ್ಟ್ಯಾಂಡಿನಲ್ಲೇ ಇಳಿಸಿಬಿಟ್ಟ. ತಿರುಗಿ ಬಂದಾಗ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ರಮಿಸಿ ರಮಿಸಿ ಸೋತು ಕಡೆಗೆ ಅಂದಿದ್ದ:

"ನೀ ನೌಕರಿಗಂತ ಹೊಂಟ ದಿನ ಆ ಸೀಟಿನಾಗ ನೀ ಒಬ್ಬಾಕಿನ ಕುಂದರ್ತಿ. ನಾನ ಹೊಡ್ಕೊಂಡು ಹೋಗ್ತೀನಿ. ಹಿಂದ ಒಂದು ನರಪಿಳ್ಳಿ ಹತ್ತಸೂದಿಲ್ಲ. ಹುಲಿಗೆಮ್ಮನ ಆಣಿ."

ಹುಲಿಗೆಮ್ಮ ಮರೆತಿದ್ದರೂ ಮರೆತಿರಬಹುದು, ರೇಣುಕಾ ಮರೆತಿರಲಿಲ್ಲ. ಪೊಲೀಸ್ ಭರ್ತಿಯ ಓಟಕ್ಕೆ ಕೊಪ್ಪಳದಿಂದ ಕರೆ ಬಂದ ದಿನ ಮೊದಲು ಕೇಳಿದ್ದೇ ಅದು: "ಅಪ್ಪಾ, ಸೀಟು ನಂದ ಹೌದಿಲ್ಲೋ?"

ಮೈದಾನದ ಗೇಟು ಮುಂಜಾನೆ ಎಂಟಕ್ಕೆ ಮುಚ್ಚುತ್ತದೆ. ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಮುಂದಿನ ಭರ್ತಿ ಬರುವಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತದೆ. ವರ್ಷಗಟ್ಟಲೆ ಎಳ್ಳು, ಸಜ್ಜೆಯ ಹೊಲಗಳ ನಡುವಿನ ರಸ್ತೆಯಲ್ಲಿ ಊರ ಮಂದಿಯ ಮಾತು ಕೇಳಿಸಿಕೊಳ್ಳುತ್ತ ಓಡಿದ್ದೆಲ್ಲ ಈ ಒಂದು ಮುಂಜಾನೆಗೆ ಬಂದು ನಿಂತಿತ್ತು.

ಓಟದ ದಿನ ಬೆಳಕು ಹರಿದಾಗ ವೆಂಕೋಬ ಜೀಪು ಏರಿ ಬ್ರೇಕು ಒತ್ತಿದ. ಕಲಸಿದ ಹಿಟ್ಟಿನ ಮೇಲೆ ಕಾಲಿಟ್ಟಂತೆ ಪೆಡಲು ಮೆತ್ತಗೆ ಒಳಗೆ ಹೋಯಿತು. ಪಟಪಟ ತುಳಿದರೆ ಚೂರು ಗಟ್ಟಿ, ಬಿಟ್ಟರೆ ಮತ್ತೆ ಹಿಟ್ಟು. ಇಳಿದು ಪಾನಾ ಹುಡುಕುತ್ತ, "ಪೈಪಿನಾಗ ಗಾಳಿ ಹೊಕ್ಕೈತಿ, ಅಷ್ಟ. ತಗದರ ಮುಗೀತು," ಅಂದ.

ಗಾಳಿ ತೆಗೆಯಲು ಎರಡು ಜನ ಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹಿಂದೆ ಕೂತು ಗಾಳಿ ಬಿಡುವ ತಿರುಪು, ನಿಪ್ಪಲ್, ಸಡಿಲಿಸಬೇಕು. ಓಟದ ಬೂಟು ಹಾಕಿಕೊಂಡೇ ರೇಣುಕಾ ಹತ್ತಿ ಕೂತಳು. ವೆಂಕೋಬ ಬ್ರೇಕ್ ಆಯಿಲಿನ ಡಬ್ಬಿಗೆ ಎಲ್ಲಕ್ಕೂ ದೂರದ ಹಿಂದಿನ ಎಡಗಾಲಿಯ ಹತ್ತಿರ ಚೀಲ ಹಾಸಿಕೊಂಡು ಅಡ್ಡಾದ.

"ಒತ್ತು."

"ಒತ್ತೀನಿ."

"ಹಿಡಿ. ನಾ ಅನ್ನೂತನಕ ಬಿಡಬ್ಯಾಡ."

ಪಾನಾ ತಿರುಗಿಸಿದೊಡನೆ ನಿಪ್ಪಲ್ಲಿಗೆ ಸಿಕ್ಕಿಸಿದ್ದ ನಳಿಕೆಯಿಂದ ಬಾಟಲಿಗೆ ಬುಳುಬುಳು ಗುಳ್ಳೆ ಬಂದವು. ಬಿಗಿಮಾಡಿ, "ಬಿಡು," ಅಂದ. ಮತ್ತೆ ಒತ್ತು, ಮತ್ತೆ ಬಿಡು. ನಡುನಡುವೆ ಎದ್ದು ಹೋಗಿ ಪೆಡಲಿನ ಕೆಳಗಿನ ತಗಡು ಸರಿಸಿ, ಅಲ್ಲಿನ ಮಬ್ಬಿನಲ್ಲೇ ಡಬ್ಬಿಗೆ ಹೊಸ ಬ್ರೇಕ್ ಆಯಿಲ್ ಸುರಿದು ಬರುತ್ತಿದ್ದ.

"ಬಸ್ ಬರೂ ಹೊತ್ತಾತಪ್ಪಾ," ಅಂದಳು ರೇಣುಕಾ. "ಹೋಗಿ ಬಸ್ಸಿಗೆ ನಿಂದರ್ಲೇನು?"

"ಯಾಕ, ನನ್ನ ಜೀಪ್ ಸತ್ತೈತೇನು?"

"ಸತ್ತಿಲ್ಲ. ಜಡ್ಡಾಗೈತಿ."

"ಹಂಗಾರ ಬಾಯಿ ಮುಚ್ಕೊಂಡು ಔಷಧಾ ಕುಡಸು. ಒತ್ತು."

ಗುಳ್ಳೆ ನಿಂತವು. ಹಿಂದಿನ ಬಲಗಾಲಿಯಲ್ಲೂ, ಮುಂದಿನ ಎಡಗಾಲಿಯಲ್ಲೂ ನಿಂತವು. ಪೆಡಲು ಒತ್ತಿದರೆ ಕಲ್ಲಿನಂತೆ ನಿಂತಿತು. ಅಷ್ಟರಲ್ಲಿ ಸ್ಟ್ಯಾಂಡಿನ ಕಡೆ ಬಸ್ಸಿನ ಹಾರನ್ ಕೇಳಿಸಿತು. ರೇಣುಕಾ ಅಪ್ಪನ ಮುಖ ನೋಡಿದಳು. "ಹೋಗ್ಲಿ ಬಿಡು," ಅಂದ. ಬಸ್ಸು ಹೋಯಿತು. ಅಂದ ಮೇಲೆ ಅವನಿಗೆ, ಅನ್ನಬಾರದಿತ್ತೇನೋ ಅನ್ನಿಸಿತು.

ಕಡೆಗೆ ಉಳಿದದ್ದು ಸ್ಟೇರಿಂಗಿನ ಕಡೆಯ ಮುಂದಿನ ಗಾಲಿ, ಡಬ್ಬಿಗೆ ಎಲ್ಲಕ್ಕೂ ಹತ್ತಿರದ್ದು. ನಿಪ್ಪಲ್ ಬಿಚ್ಚಿದರೆ ಹೊಸ ಆಯಿಲ್ ಬರಲಿಲ್ಲ. ಕಪ್ಪನೆಯ, ಎಳೆ ಎಳೆಯಾದ, ಅಂಟು ಅಂಟಾದ ಏನೋ ಬಾಟಲಿಗೆ ಇಳಿಯಿತು. ವೆಂಕೋಬ ಬೆರಳಿಗೆ ಸವರಿಕೊಂಡು ಮೂಸಿದ. ಔಡಲೆಣ್ಣೆ. ಅದರೊಳಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲಿನ ವಾಸನೆ. ಈ ವಾಸನೆ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಬಂಡಿಯ ಅಚ್ಚಿಗೆ ಸವರುವ ಕೀಲೆಣ್ಣೆ. ದಪ್ಪ ಎಣ್ಣೆ, ಹತ್ತಿರದ ಈ ಪೈಪಿನಲ್ಲೇ ಇಳಿದು ಕೂತಿತ್ತು.

ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ತನ್ನಪ್ಪ ಆದೆಪ್ಪನ ಕಡೆ ತಿರುಗಿದ.

"ಯಪ್ಪಾ, ಜೀಪಿನ ಡಬ್ಯಾಗ ಏನರ ಹಾಕಿಯೇನು?"

"ಹಾಕೀನಿ," ಅಂದ ಮುದುಕ ನಿರಾಳವಾಗಿ. "ಅಮಾಸಿ ದಿನ ಪೂಜಿಗಂತ ತೊಳದು, ತಗಡು ತಗದು ಹಂಗ ಬಿಟ್ಟು ಹೋಗಿದ್ದಿ. ನೋಡಿದ್ರ ಎಣ್ಣಿ ತಳಾ ಹತ್ತಿತ್ತು. ಕೀಲಿಗೆ ಎಣ್ಣಿ ಇಲ್ಲದ ಬಂಡಿಗೆ ಅಮಾಸಿ ಪೂಜಿ ನಮ್ಮ ಮನ್ಯಾಗ ಎಂದರ ಆಗೇತೇನು? ಒಂದು ಗಿಂಡಿ ಸುರವಿದೆ. ಕೂಸು ನೌಕರಿಗೆ ಹೊಂಟೈತಿ, ಗಾಲಿ ಹಗುರಾಗಿ ಹೋಗ್ಲಿ ಅಂತ."

ಬಂಡಿ ಮಾರಿ ಎಷ್ಟೋ ವರ್ಷವಾಗಿತ್ತು. ಕೀಲೆಣ್ಣೆಯ ಗಿಂಡಿ ಮಾತ್ರ ಕೊಟ್ಟಿಗೆಯ ಗೂಟಕ್ಕೇ ಇತ್ತು. ವೆಂಕೋಬ ಬಾಟಲಿಯ ಕಪ್ಪನ್ನು ನೆಲಕ್ಕೆ ಚೆಲ್ಲಿದ. ಎಣ್ಣೆ ತಳ ಹತ್ತಿದ್ದನ್ನು ನೋಡಬೇಕಾದವನು ತಾನು. ನೋಡಿದವನು ಅಪ್ಪ. ಏನಂತ ಬಯ್ಯುವುದು?

"ಏನಾತಪ್ಪಾ?" ಅಂದಳು ರೇಣುಕಾ.

"ಏನಿಲ್ಲ. ಒತ್ತು. ಇದ್ದದ್ದೆಲ್ಲ ಹೊರಗ ಹೋಗ್ಲಿ."

ಡಬ್ಬಿ ಬಸಿದ, ಒರೆಸಿದ, ಉಳಿದಿದ್ದ ಆಯಿಲನ್ನೆಲ್ಲ ಸುರಿದು ಹರಿಸಿದ. ಕಪ್ಪು ಹೋಗಿ ತಿಳಿ ಬಂತು. ಆದರೆ ಅಂಜಿಕೆ ಹೋಗಲಿಲ್ಲ. ಎಣ್ಣೆಯೇನೋ ಹೊರಗೆ ಬಂತು, ಅದನ್ನು ಕುಡಿದ ರಬ್ಬರು ಒಳಗೇ ಇತ್ತು. ಬ್ರೇಕಿನೊಳಗಿನ ರಬ್ಬರ್ ವಾಷರಿಗೆ ಇಂಥ ಎಣ್ಣೆ ತಾಕಿದರೆ ಅದು ನೆನೆದ ಕಡಲೆಯಂತೆ ಉಬ್ಬುತ್ತದೆ. ಎಷ್ಟು ಉಬ್ಬಿದೆಯೋ ಬಿಚ್ಚದೆ ಗೊತ್ತಾಗುವುದಿಲ್ಲ. ಬಿಚ್ಚಿದರೆ ಹೊಸದು ಹಾಕಬೇಕು. ಹೊಸದು ಯಲಬುರ್ಗಾದಲ್ಲಿದೆ, ಅಂಗಡಿ ತೆರೆಯುವುದು ಗೇಟು ಮುಚ್ಚಿದ ಮೇಲೆ.

"ಒಂದು ಸುತ್ತು ಹೊಡ್ದು ನೋಡ್ತೀನಿ. ನೀ ಇಳಿ."

ಓಣಿಯ ಇಳಿಜಾರಿನಲ್ಲಿ ಜೀಪು ಬಿಟ್ಟ. ಮೊದಲ ಸಲ ಒತ್ತಿದ, ನಿಂತಿತು. ರೇಣುಕಾ ಚೀಲ ಹೆಗಲಿಗೇರಿಸಿದಳು. ಇನ್ನೊಂದು ಸಲ ನೋಡೋಣವೆಂದು ಮುಂದೆ ಬಿಟ್ಟು ಒತ್ತಿ ಹಿಡಿದ. ಗಟ್ಟಿಯಾಗಿದ್ದ ಪೆಡಲು ಕಾಲ ಕೆಳಗೇ ಸಾವಕಾಶ ಇಳಿಯತೊಡಗಿತು. ಇಳಿದು ಇಳಿದು ತಗಡಿಗೆ ತಾಕಿತು. ಹ್ಯಾಂಡ್ ಬ್ರೇಕು ಜಗ್ಗಿದರೂ ಜೀಪು ಜಾರುತ್ತ ಹೋಗಿ ನೆರೆಮನೆಯ ಶಂಕ್ರಮ್ಮನ ತಿಪ್ಪೆಗೆ ಮೂತಿ ಊರಿ ನಿಂತಿತು.

ಸ್ಟೇರಿಂಗು ಬಿಡದೆ ಹಾಗೇ ಕೂತ. ರೇಣುಕಾ ಓಡಿಬಂದಳು.

"ಅಪ್ಪಾ, ಸಾವಕಾಶ ಹೋಗೂಣು. ಗೇರಿನ ಮ್ಯಾಲೆ ತರಬಿ ನಿಂದರಸು. ಪಂಪ್ ಹೊಡದರ ಹಿಡಿತೈತೆಲ್ಲ."

"ಆಗೂದಿಲ್ಲವ್ವ."

"ಹೋದ ವರ್ಷ ಹಂಗ ಕಿನ್ನಾಳಕ್ಕ ಮದವಿ ಮಂದೀನ ಒಯ್ದಿದ್ದೆಲ್ಲ. ಮನಿಗೆ ಬಂದು ನಗಾಡ್ಕೋತ ನೀನ ಹೇಳಿದ್ದಿ. ಅವರನ್ನ ಒಯ್ದಾಂವ ನನ್ನ ಯಾಕ ಒಲ್ಲಿ?"

ಇದಕ್ಕೆ ಇದ್ದ ಒಂದೇ ಉತ್ತರ ಆ ಮದುವೆ ಮಂದಿಯ ಮುಂದೆ ಹೇಳುವಂಥದ್ದಲ್ಲ. ರಸ್ತೆಯ ಹಳ್ಳದ ಇಳಿಜಾರು, ಕೊಪ್ಪಳದ ಮುಂಜಾನೆಯ ಗದ್ದಲ, ಮುಂದಿನ ಸೀಟಿನಲ್ಲಿ ಇವಳೊಬ್ಬಳೇ, ಇವಳ ಎರಡು ಕಾಲು. ಚಾವಿ ತೆಗೆದು ಕಿಸೆಗೆ ಹಾಕಿಕೊಂಡ.

"ಚೀಲ ತಗೋ. ಕಳಕಪ್ಪನ ಗಾಡಿ ಇನ್ನ ಹೋಗಿಲ್ಲ."

ಕಳಕಪ್ಪ ಅಂದರೆ ಸ್ಟ್ಯಾಂಡಿನಲ್ಲಿ ಇವನ ಪ್ಯಾಸೆಂಜರು ಕಸಿದುಕೊಳ್ಳುವ ಟೆಂಪೊದವನು. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಸ್ಟ್ಯಾಂಡಿಗೆ ಓಡಿಹೋಗಿ ವೆಂಕೋಬ ಮಸಿಗೈ ಎತ್ತಿ ಟೆಂಪೊದ ಮುಂದೆ ನಿಂತುಬಿಟ್ಟ.

"ಏನೋ ವೆಂಕೋಬ, ನನ್ನ ಗಾಡಿಗಿ ನೀನ ಪ್ಯಾಸೆಂಜರ್ ಕರ್ಕೊಂಡು ಬಂದಿ?"

"ನಗು, ಆಮ್ಯಾಲ ನಗು. ಎಂಟರೊಳಗ ಮೈದಾನಕ್ಕ ಮುಟ್ಟಸ್ತಿ?"

ಕಳಕಪ್ಪ ಹುಡುಗಿಯ ಬೂಟು ನೋಡಿದ, ನಗು ನಿಲ್ಲಿಸಿದ. "ಹತ್ತವ್ವ. ಏ, ಸರೀರಿ ಒಳಗ. ನಡುವ ಎಲ್ಲೀ ನಿಂದರ್ಸೂದಿಲ್ಲ, ಇಳಿಯೋರು ಈಗ ಇಳೀರಿ."

ಮುಂದೆ ಜಾಗವಿರಲಿಲ್ಲ. ಹಿಂದೆ, ಬದನೆಕಾಯಿ ಚೀಲದ ಮೇಲೆ, ಇಬ್ಬರು ಹೆಂಗಸರ ನಡುವೆ ರೇಣುಕಾ ಒತ್ತಿಕೊಂಡು ಕೂತಳು. ಅಪ್ಪನ ಕಡೆ ನೋಡಲಿಲ್ಲ. ಟೆಂಪೊ ತಿರುವಿನಲ್ಲಿ ಮರೆಯಾಗುವವರೆಗೂ ವೆಂಕೋಬ ಅದರ ಹಿಂದಿನ ಕೆಂಪು ಬ್ರೇಕ್ ಲೈಟನ್ನೇ ನೋಡುತ್ತ ನಿಂತ. ತಿರುವಿನಲ್ಲಿ ಅದು ಹತ್ತಿತು, ಆರಿತು.

ಇಳಿಹೊತ್ತಿಗೆ ಕಳಕಪ್ಪನೇ ಬಂದು ಹೇಳಿದ: ಗೇಟು ಮುಚ್ಚುವುದರೊಳಗೆ ಹುಡುಗಿ ಒಳಗೆ ಹೋದಳು.

ವೆಂಕೋಬ ಕೊಟ್ಟ ಮಾತು ನಡೆಯಲಿಲ್ಲ.