ಬ್ರೇಕಿಲ್ಲದ ಗಾಡಿ

ಸುತ್ತಿಗೆಯ ಮೂರನೇ ಏಟಿಗೆ ಬ್ರೇಕಿನ ಹಿಡಿಕೆ ಮುರಿದು ಹಾರಿ ಗೋಡೆಗೆ ಬಡಿಯಿತು. ನಾಲ್ಕನೇ ಏಟು ಅಡ್ಡ ಹೋದ ಬಸವೇಶ್ವರಿಯ ಬೆರಳಿನ ಗೆಣ್ಣಿನ ಮೇಲೆ ಬಿತ್ತು. "ಯವ್ವಾ!" ಎಂದು ಅವಳು ಚೀರಿದರೂ ಮುದುಕಿ ನಿಲ್ಲಿಸಲಿಲ್ಲ. ಎಪ್ಪತ್ತೈದರ ಹೆಂಗಸು, ಎತ್ತಿದರೆ ಒಂದು ಕಂಕುಳಕ್ಕೆ ಬಂದಾಳು, ಅದೆಲ್ಲಿಂದ ಬಂತೋ ಆ ಬಲ! ಬ್ರೇಕಿನ ತಂತಿಯನ್ನೂ ಕಿತ್ತೆಳೆದು ಬೂಟುಗಾಲಲ್ಲಿ ತುಳಿದಳು.

"ಆಯಿ, ಹುಚ್ಚ ಹಿಡದೈತೇನ ನಿನಗ? ನೀ ಸಾಯಬಾರ್ದಂತ ಹಾಕೇನಿ ಅದನ್ನ!" ಬಸವೇಶ್ವರಿ ಕನ್ನಡದಲ್ಲೇ ಒದರಿದಳು. ಸಿಟ್ಟು ಬಂದಾಗ ಅವಳಿಗೆ ಜರ್ಮನ್ ಬರುತ್ತಿರಲಿಲ್ಲ.

"ನನ್ನ ಗಾಡಿಗೆ ಬ್ರೇಕಾ?" ಆಫ್ರಾ ತನ್ನ ಭಾಷೆಯಲ್ಲಿ ಗುಡುಗಿದಳು. "ನನ್ನ ಗಾಡಿಗೆ?"

ಗದಗಿನಲ್ಲಿ ಅಪ್ಪನ ಗ್ಯಾರೇಜಿನ ಗ್ರೀಸಿನಲ್ಲೇ ಬೆಳೆದು ಆಟೊಮೊಬೈಲ್ ಡಿಪ್ಲೊಮಾ ಮಾಡಿದವಳು ಬಸವೇಶ್ವರಿ. ಗಂಡ ನಿಜಲಿಂಗಪ್ಪ ಜರ್ಮನಿಯವರು ಕಂಪ್ಯೂಟರ್ ಮಂದಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಂಗೋಲ್‌ಸ್ಟಾಟ್‌ ಊರಿಗೆ ಬಂದು ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ಹೆಂಡತಿಗೆ ಮಾತ್ರ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಮೂರು ಕೋಣೆ ಗುಡಿಸಿ, ಎರಡು ಹೊತ್ತು ರೊಟ್ಟಿ ಬಡಿದು, ಕಿಟಕಿಯಲ್ಲಿ ಕೂತು ಹುಚ್ಚು ಹಿಡಿಯುವುದೊಂದು ಬಾಕಿ. ಆಗ ಕಣ್ಣಿಗೆ ಬಿದ್ದದ್ದು ಮನೆಯೊಡತಿ ಆಫ್ರಾಳ ನೆಲಮಾಳಿಗೆಯಲ್ಲಿ ಐವತ್ತು ವರ್ಷದಿಂದ ತುಕ್ಕು ತಿನ್ನುತ್ತಿದ್ದ ಸ್ಪೀಡ್‌ವೇ ಬೈಕು. ಮಣ್ಣಿನ ದುಂಡು ಹಾದಿಯಲ್ಲಿ ನಾಲ್ಕು ಸುತ್ತು ಓಡುವ ಗಾಡಿ ಅದು. ಯಾವಾಗಲೂ ಎಡಕ್ಕೇ ತಿರುಗಬೇಕು, ಎಡಗಾಲಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡು ನೆಲಕ್ಕೆ ಉಜ್ಜುತ್ತ ಹೋಗಬೇಕು. ಬ್ರೇಕು ಮಾತ್ರ ಇಲ್ಲ.

ಎಂಟು ತಿಂಗಳು ಇಬ್ಬರೂ ಸೇರಿ ಅದಕ್ಕೆ ಜೀವ ತುಂಬಿದ್ದರು. ಬರುವ ಭಾನುವಾರ ಊರಂಚಿನ ಕ್ಲಬ್ಬಿಗೆ ಐವತ್ತು ವರ್ಷ. ಇಷ್ಟು ವರ್ಷದ ಚಾಂಪಿಯನ್ನರ ಹೆಸರು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಮೊದಲ ವರ್ಷ, ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಗಂಡಸರನ್ನೆಲ್ಲ ಮಣ್ಣು ಮುಕ್ಕಿಸಿ ಗೆದ್ದವಳು ಆಫ್ರಾ. ಆದರೆ ಕ್ಲಬ್ಬಿನ ಪಟ್ಟಿ ಶುರುವಾಗುವುದೇ ಐವತ್ತಮೂರರಿಂದ! ಒಂದೇ ಒಂದು ಸಲ ಆ ಧ್ವನಿವರ್ಧಕದಿಂದ ತನ್ನ ಹೆಸರು ಬರಬೇಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎಂದು ಮುದುಕಿ ಹಟ ಹಿಡಿದಿದ್ದಳು. ಗಾಡಿ ಹತ್ತಿ ಮೈದಾನಕ್ಕೇ ನುಗ್ಗಿ ಕೇಳುವುದೆಂದು ನಿಶ್ಚಯಿಸಿದ್ದಳು. ಆ 'ಸತ್ತರೂ' ಅನ್ನುವ ಮಾತಿಗೆ ಹೆದರಿಯೇ ಬಸವೇಶ್ವರಿ, ಮುದುಕಿ ಡಾಕ್ಟರ ಬಳಿ ಹೋದ ಹೊತ್ತು ನೋಡಿ, ಬ್ರೇಕು ಕೂರಿಸಿದ್ದಳು. ಒಳ್ಳೆಯದು ಮಾಡಹೋಗಿ ಏಟು ತಿಂದಳು.

ಸಿಟ್ಟಿಳಿದ ಮೇಲೆ ಆಫ್ರಾ ತಾನೇ ಅವಳ ಬೆರಳು ತೊಳೆದು ಬಟ್ಟೆ ಸುತ್ತಿದಳು. ಸುತ್ತುತ್ತಲೇ ಹೇಳಿದಳು.

"ನಾನು ಗೆದ್ದ ತಿಂಗಳಿಗೆ ಇನ್ನೊಂದು ಪಂದ್ಯ. ಮುಂದೆ ಲೊರೆಂಟ್ಸ್, ಹಿಂದೆ ನಾನು, ನನ್ನ ಹಿಂದೆ ನನ್ನ ತಮ್ಮ. ಲೊರೆಂಟ್ಸ್ ಹೇಡಿ, ಯಾರಿಗೂ ಕಾಣದ ಹಾಗೆ ಬ್ರೇಕ್ ಹಾಕಿಸಿಕೊಂಡಿದ್ದ. ತಿರುವಿನಲ್ಲಿ ಪುಕ್ಕಲುತನ ಬಂತು, ಒತ್ತಿದ. ನಾನು ಹೇಗೆ ನಿಲ್ಲಲಿ? ಹೋಗಿ ಬಡಿದೆ. ಅವನ ಕಾಲಿನ ಎಲುಬು ಚರ್ಮ ಸೀಳಿ ಹೊರಗೆ ಬಂತು. ತಮ್ಮ ನಮ್ಮಿಬ್ಬರ ಮೇಲಿಂದ ಹಾರಿ ಕಂಬಕ್ಕೆ ಅಪ್ಪಳಿಸಿದ. ತಲೆ ಒಡೆದದ್ದು ಇಲ್ಲಿಗೆ ಕೇಳಿಸಿತು."

ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು.

"ಹೆಂಗಸಿಗೆ ಗಾಡಿ ಹಿಡಿತಕ್ಕೆ ಬರಲಿಲ್ಲ, ತಮ್ಮನನ್ನೇ ಕೊಂದಳು ಅಂದರು. ಹೆಸರು ಹೊಡೆದುಹಾಕಿದರು. ಬ್ರೇಕಿನ ವಿಷಯ ಲೊರೆಂಟ್ಸ್ ಬಾಯಿಬಿಡಲಿಲ್ಲ. ಈಗ ಅವನೇ ಕ್ಲಬ್ಬಿನ ಅಧ್ಯಕ್ಷ, ಹೆಸರು ಓದುವವನೂ ಅವನೇ."

ಭಾನುವಾರ ಬೆಳಿಗ್ಗೆ ನಿಜಲಿಂಗಪ್ಪ ಬಾಗಿಲಿಗೆ ಅಡ್ಡ ನಿಂತ. "ಪೊಲೀಸ್ ಕೇಸ್ ಆದ್ರ ನನ್ನ ವೀಸಾ ಏನಾಕ್ಕೈತಿ, ವಿಚಾರ ಮಾಡೀಯೇನು?"

"ಮಾಡೇನಿ, ಸರೀರಿ ಆಚೆ," ಅಂದಳು. ಮಾಡಿರಲಿಲ್ಲ.

ಮೈದಾನದ ಗೇಟಿನಲ್ಲಿ ಕೆಂಪು ಅಂಗಿಯ ದಾಂಡಿಗನೊಬ್ಬ ಹ್ಯಾಂಡಲ್ ಹಿಡಿದ. ಹೋಗಜ್ಜಿ ಮನೆಗೆ ಎಂದು ನಕ್ಕ. ಆಫ್ರಾ ಬಿಡಲಿಲ್ಲ. ಜಗ್ಗಾಟದಲ್ಲಿ ಅವನ ಮೊಣಕೈ ಅವಳ ಬಾಯಿಗೆ ಬಡಿದು ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಅದನ್ನು ನೋಡಿದ್ದೇ ತಡ, ಬಸವೇಶ್ವರಿಯ ಮೈಯೆಲ್ಲ ಬೆಂಕಿಯಾಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಬೀಸಿ ಅವನ ಮುಂಗೈಗೆ ಹೊಡೆದಳು. ಅವನು ಬೊಬ್ಬೆ ಹಾಕುತ್ತ ಕುಕ್ಕರಿಸಿದ.

"ದೂಡು!" ಎಂದಳು ಆಫ್ರಾ.

ಆ ಗಾಡಿ ದೂಡದೆ ಚಾಲೂ ಆಗುವುದಿಲ್ಲ. ಬಸವೇಶ್ವರಿ ಹಲ್ಲು ಕಚ್ಚಿ ದೂಡಿದಳು, ಓಡುತ್ತ ಓಡುತ್ತ ದೂಡಿದಳು. ಇಂಜಿನ್ ಅಬ್ಬರಿಸಿ, ಮುಖದ ತುಂಬ ಮಣ್ಣೆರಚಿ, ಗಾಡಿ ಅವಳ ಕೈ ತಪ್ಪಿಸಿಕೊಂಡು ಹೋಯಿತು.

ಲೊರೆಂಟ್ಸ್ ಹಾದಿಯ ನಡುವೆ, ಬಿಳಿ ಗೆರೆಯ ಮೇಲೆ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮೈಕು ಹಿಡಿದು ಐವತ್ತಮೂರರಿಂದ ಓದುತ್ತಿದ್ದ. ಆಫ್ರಾ ದೂರದ ತಿರುವಿನಲ್ಲಿ ಗಾಡಿ ವಾಲಿಸಿ, ಉಕ್ಕಿನ ಅಟ್ಟೆಯಲ್ಲಿ ನೆಲ ಸೀಳುತ್ತ ಸುತ್ತಿ ಬಂದಳು. ಬಂದವಳು ನಿಧಾನಿಸಲಿಲ್ಲ. ನೇರ ಅವನ ಕಡೆಗೇ ಗಾಡಿ ತಿರುಗಿಸಿ ಇನ್ನಷ್ಟು ಜೋರಾಗಿ ಬಿಟ್ಟಳು.

ಬಸವೇಶ್ವರಿಗೆ ಆಗ ಹೊಳೆಯಿತು. ಮುದುಕಿ ಕೇಳಲು ಬಂದಿಲ್ಲ, ಕೊಲ್ಲಲು ಬಂದಿದ್ದಾಳೆ. ಆ ಗಾಡಿಗೆ ಜೀವ ಕೊಟ್ಟವಳು ಯಾರು? ಈಗ ದೂಡಿದ ಕೈ ಯಾರದು? "ಬ್ಯಾಡ ಆಯಿ, ಬ್ಯಾಡ!" ಎಂದು ಕೂಗುತ್ತ ಮೈದಾನಕ್ಕೆ ಅಡ್ಡಲಾಗಿ ಓಡಿದಳು.

ಜನ ಚೀರಿ ಚದುರಿದರು. ಲೊರೆಂಟ್ಸ್‌ಗೆ ಓಡಲು ಕಾಲೆಲ್ಲಿದೆ? ಮೈಕು ಬಾಯಿ ಮುಂದೆಯೇ ಇತ್ತು.

"ಆಫ್ರಾ!" ಅವನ ಕಿರುಚು ನಾಲ್ಕೂ ಕಂಬಗಳ ಧ್ವನಿವರ್ಧಕದಿಂದ ಸಿಡಿಯಿತು. "ಬ್ರೇಕ್ ಹಾಕು, ಆಫ್ರಾ! ಬ್ರೇಕ್!"

ಮರುಕ್ಷಣ ಆಫ್ರಾ ಗಾಡಿಯನ್ನು ಎಡಕ್ಕೆ ಮಲಗಿಸಿಬಿಟ್ಟಳು. ಕಬ್ಬಿಣ ಕಿರ್ರೆಂದು ಕಿರುಚಿತು. ಗಾಡಿ, ಮುದುಕಿ, ಮಣ್ಣು ಎಲ್ಲ ಒಟ್ಟಿಗೆ ಉಜ್ಜುತ್ತ ಬಂದು ಅವನ ಊರುಗೋಲಿನಿಂದ ಒಂದು ಮಾರು ದೂರಕ್ಕೆ ನಿಂತವು.

ಬಸವೇಶ್ವರಿ ಬಂದು ಮಂಡಿಯೂರಿದಾಗ ಆಫ್ರಾಳ ಎಡಭುಜದ ಎಲುಬು ಅಂಗಿಯೊಳಗೆ ಎದ್ದು ನಿಂತಿತ್ತು, ಕೆನ್ನೆಯ ತೊಗಲು ಅರ್ಧ ಸುಲಿದಿತ್ತು. ಲೊರೆಂಟ್ಸ್ ಕುಸಿದು ಕೂತಿದ್ದ. ಅವನ ಕೈಯಿಂದ ಜಾರಿದ ಮೈಕು ಮುದುಕಿಯ ತಲೆಯ ಬಳಿ ಬಿದ್ದಿತ್ತು. ಅವಳ ಏದುಸಿರು ಮೈದಾನದ ತುಂಬ ಕೇಳುತ್ತಿತ್ತು.

"ಕೇಳಿಸಿತಾ?" ಎಂದಳು ಆಫ್ರಾ.

"ಕೇಳಿಸ್ತಬೇ ಆಯಿ. ಎಲ್ಲಾರಿಗೂ ಕೇಳಿಸ್ತು."

ಆ ಕನ್ನಡವೂ ನಾಲ್ಕು ಕಂಬಗಳಿಂದ ಹೊರಬಿತ್ತು. ಬಸವೇಶ್ವರಿ ಮುದುಕಿಯ ಎಡಗಾಲಿನ ಉಕ್ಕಿನ ಅಟ್ಟೆ ಬಿಚ್ಚಲು ಹೋದಳು. ಅದು ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ದುಪಟ್ಟಾ ಮಡಚಿ ಹಿಡಿದು, ಪಟ್ಟಿಯನ್ನು ಒಂದೊಂದಾಗಿ ಸಡಿಲಿಸತೊಡಗಿದಳು.