ನಿಯಮ ಇಪ್ಪತ್ತೇಳು ಮತ್ತು ನನ್ನ ಬಲಗೈ

ನಮ್ಮವರು ಬೀಗ ರಿಪೇರಿ ಮಾಡುತ್ತಿದ್ದರು. ಊರಿನ ಅರ್ಧ ಬಾಗಿಲುಗಳು ಅವರ ಮಾತು ಕೇಳುತ್ತಿದ್ದವು, ಉಳಿದರ್ಧ ಅವರಿಗೆ ಹೆದರುತ್ತಿದ್ದವು. ನಮ್ಮ ಬೀದಿಬಾಗಿಲಿಗೆ ಅವರೇ ಮಾಡಿ ಕೂರಿಸಿದ ಬೀಗ ಎಂಥದ್ದೆಂದರೆ, ಆನೆ ಬಂದು ಒದ್ದರೆ ಆನೆಯ ಕಾಲಿಗೇ ಪಟ್ಟಿ ಕಟ್ಟಬೇಕು. ಒಳಗಿನಿಂದಲೂ ಹೊರಗಿನಿಂದಲೂ ಅದಕ್ಕೆ ಒಂದೇ ಕೀಲಿ. ಆ ಕೀಲಿ ಇಡೀ ಲೋಕದಲ್ಲಿ ಒಂದೇ ಒಂದು, ಅದು ನನ್ನ ಸೊಂಟದಲ್ಲಿ.

ಮದುವೆಯಾದ ಮರುದಿನವೇ ಅವರು ಹೇಳಿದ್ದರು, "ನೋಡೇ, ಬೀಗದವನ ಹೆಂಡ್ತಿ ಬಾಗಿಲು ತೆರೆದಿಟ್ಟು ಹೋದ್ಲು ಅಂದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ." ಅಂದಿನಿಂದ ಹೊಸ್ತಿಲು ದಾಟಿದರೆ ಸಾಕು, ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಬೀಗ ಹಾಕಿಬಿಡುತ್ತದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಕೈಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಎರಡು ಬೀದಿ ಆಚೆ ಕಾನೂನು ಕಾಲೇಜಿದೆ. ಪ್ರತಿ ಬೇಸಿಗೆಯಲ್ಲಿ ಅಲ್ಲಿಗೆ ಸಮುದ್ರದಾಚೆಯಿಂದ ಮಕ್ಕಳು ಬರುತ್ತಾರೆ. ಆರು ವಾರ ಓದಿ, ಪರೀಕ್ಷೆ ಬರೆದು, ಬಂದ ಅಂಕಗಳನ್ನು ಗಂಟು ಕಟ್ಟಿಕೊಂಡು ತಮ್ಮ ಕಾಲೇಜಿಗೆ ಒಪ್ಪಿಸುತ್ತಾರೆ. ಅವರಿಗೆ ಇರಲು ನಮ್ಮಂಥವರ ಮನೆ. ಈ ಸಲ ನನ್ನ ಪಾಲಿಗೆ ಬಂದವಳು ಎಷ್ಟು ತೆಳ್ಳಗಿದ್ದಳೆಂದರೆ, ಪಕ್ಕಕ್ಕೆ ತಿರುಗಿದರೆ ಹುಡುಕಬೇಕಿತ್ತು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು, ಬಚ್ಚಲಿಗೆ ಹೋಗುವಾಗಲೂ. ಅವಳ ಅಜ್ಜಿ ನಮ್ಮ ಮಾತಿನವಳೇ ಆದ್ದರಿಂದ ಮಾತಿಗೇನೂ ಬರವಿರಲಿಲ್ಲ. ನಾನು ಅವಳನ್ನು ಪೆನ್ಸಿಲ್ ಎಂದೇ ಕರೆದೆ.

ಬಂದ ದಿನವೇ ಅವಳು ಒಂದು ಪುಸ್ತಕ ತಂದು ನನ್ನ ಮುಂದಿಟ್ಟಳು. ಕೋರ್ಸಿನ ನಿಯಮಗಳು, ಒಟ್ಟು ನಲವತ್ತೆರಡು.

"ಅಜ್ಜಿ, ಕೊನೇ ಪುಟದಲ್ಲಿ ಒಂದು ಸಹಿ ಹಾಕಿ, ಸಾಕು."

"ಒಳಗೇನಿದೆ?"

"ಯಾರಿಗೊತ್ತು? ಯಾರೂ ಓದಲ್ಲ ಅಜ್ಜಿ."

"ಕಾನೂನು ಓದೋಕೆ ವಿಮಾನ ಹತ್ತಿ ಬಂದವಳು ನಿಯಮ ಓದಲ್ವಾ? ಚೆನ್ನಾಗಿದೆ ಕಣೇ. ನಂಗೆ ಸಹಿ ಬಿಟ್ರೆ ಬೇರೆ ಅಕ್ಷರ ಬರಲ್ಲ. ನೀನು ಓದು, ನಾನು ಕೇಳ್ತೀನಿ. ಕಿವಿಗೆ ಬೀಳದೇ ಇರೋದಕ್ಕೆ ನಾನು ಕೈ ಹಾಕಲ್ಲ."

ನಾಲ್ಕು ಮಧ್ಯಾಹ್ನ ನಾನು ಅವರೆಕಾಳು ಸುಲಿದೆ, ಅವಳು ಓದಿದಳು. ನನ್ನ ತಲೆಗೆ ಓದು ಹತ್ತಲಿಲ್ಲ ನಿಜ, ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಗೋಡೆಗೆ ಹೊಡೆದ ಮೊಳೆ. ನನ್ನ ನಾದಿನಿ ನಲವತ್ತು ವರ್ಷದ ಹಿಂದೆ ಆಡಿದ ಒಂದು ಮಾತನ್ನು ಈಗಲೂ ಅವಳಿಗೆ ಅಕ್ಷರ ತಪ್ಪದೆ ಒಪ್ಪಿಸಬಲ್ಲೆ, ಒಪ್ಪಿಸುತ್ತಲೂ ಇರುತ್ತೇನೆ. ತರಗತಿಗೆ ಹತ್ತು ನಿಮಿಷ ತಡವಾದರೆ ಗೈರುಹಾಜರಿ. ಮೂರು ಗೈರುಹಾಜರಿಯಾದರೆ ಹೆಸರು ಹೊಡೆದುಹಾಕಿ, ಅಂಕ ಸೊನ್ನೆ ಮಾಡಿ, ಮನೆಗೆ ಕಳಿಸುವುದು. ಫೋನಿನಲ್ಲಿ ಮುಖ ತೋರಿಸಿದರೆ ಹಾಜರಿ ಅಲ್ಲ. ಇಪ್ಪತ್ತೇಳನೆಯದು ಬಂದಾಗ ನಾನು ಕಾಳು ಸುಲಿಯುವುದನ್ನೇ ನಿಲ್ಲಿಸಿ ನಕ್ಕೆ. ಆತಿಥೇಯರ ಮನೆಯಿಂದ ಕಿಟಕಿ, ತಾರಸಿ, ಮಾಡುಗಳ ಮೂಲಕ ಹೊರಬಿದ್ದವರನ್ನು ಆ ಕ್ಷಣವೇ ಕೋರ್ಸಿನಿಂದ ತೆಗೆಯಲಾಗುವುದು. ಹಿಂದಿನ ವರ್ಷ ನನ್ನ ಮನೆಯಲ್ಲೇ ಇದ್ದ ಒಬ್ಬ ಮಹಾಶಯ ಕಿಟಕಿಯಿಂದ ಜಿಗಿದು, ಕೆಳಗಿನ ಕ್ಷೌರಿಕನ ಅಂಗಡಿಯ ತಗಡಿನ ಮೇಲೆ ಬಿದ್ದು, ತಗಡು ಸಮೇತ ಒಳಗಿಳಿದು, ಕ್ಷೌರಕ್ಕೆ ಕೂತವನ ಅರ್ಧ ಮೀಸೆ ಹೋಗುವಂತೆ ಮಾಡಿದ್ದ. ಆ ನಿಯಮ ಹುಟ್ಟಿದ್ದೇ ನನ್ನ ಮನೆಯಲ್ಲಿ!

ಮೊದಲ ವಾರವೇ ಪೆನ್ಸಿಲ್ ತಪ್ಪು ಬಸ್ಸು ಹತ್ತಿ ಊರಿನ ಇನ್ನೊಂದು ತುದಿ ನೋಡಿಕೊಂಡು ಬಂದಳು, ಒಂದು ಗೈರು. ಮೂರನೆಯ ವಾರ ಜ್ವರ ಬಂತು, ವೈದ್ಯರ ಚೀಟಿ ಒಂದು ದಿನ ತಡವಾಗಿ ಕೊಟ್ಟಳು, ಎರಡು ಗೈರು. ಇವೆರಡನ್ನೂ ಬರೆದುಕೊಂಡವರು ಕರಾರು ಮೇಷ್ಟ್ರು. ಕರಾರಿನ ಕಾನೂನು ಕಲಿಸುವುದರಿಂದ ಮಕ್ಕಳಿಟ್ಟ ಹೆಸರು ಅದು. ಕೈಯಲ್ಲಿ ತಟ್ಟೆಯಷ್ಟು ದೊಡ್ಡ ಗಡಿಯಾರ. ಹತ್ತನೇ ನಿಮಿಷ ಮುಗಿಯುತ್ತಲೇ, ಬಾಗಿಲಲ್ಲಿ ಒಂದು ಕಾಲು ಒಳಗಿಟ್ಟವರನ್ನೂ "ಆ ಕಾಲಿಗೆ ಮಾತ್ರ ಹಾಜರಿ" ಎಂದು ಹೊರಗೆ ಕಳಿಸುವ ಮನುಷ್ಯ.

"ಇನ್ನೊಂದು ಆದ್ರೆ ಮುಗೀತು ಅಜ್ಜಿ," ಎಂದಳು ಹುಡುಗಿ. "ಒಂದು ವರ್ಷ ಹಿಂದೆ ಬೀಳ್ತೀನಿ. ಅಮ್ಮನ ಮುಖ ಹೇಗೆ ನೋಡ್ಲಿ?"

"ಆಗಲ್ಲ ಬಿಡೇ. ನಾನಿಲ್ವಾ?" ಎಂದೆ ನಾನು. ಇಂಥ ಮಾತು ಆಡಬಾರದು. ಆಡಿದ ತಕ್ಷಣ ವಿಧಿ ಕಿವಿ ನಿಮಿರಿಸುತ್ತದೆ.

ಐದನೆಯ ವಾರದ ಬುಧವಾರ ನಾದಿನಿಯ ಕಣ್ಣಿನ ಪಟ್ಟಿ ಬಿಚ್ಚುವುದಿತ್ತು. ಪಟ್ಟಿ ಬಿಚ್ಚಿದ ಕೂಡಲೇ ಮೊದಲು ನನ್ನ ಮುಖ ಕಾಣಲಿ, ಅದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಇನ್ನೇನಿದೆ ಎಂದು ಬೆಳಿಗ್ಗೆ ಎಂಟಕ್ಕೇ ಹೊರಟೆ. ಹನ್ನೊಂದಕ್ಕೆ ಬೀದಿಯ ತಿರುವಿಗೆ ಬಂದರೆ, ನಮ್ಮ ಮನೆಯ ಕೆಳಗೆ ಜಾತ್ರೆಯಷ್ಟು ಜನ. ಸರಿ, ಒಂಬತ್ತು ಮಂದಿ. ಕ್ಷೌರಿಕ ಏಣಿ ಹಿಡಿದು ನಿಂತಿದ್ದ. ಮಹಡಿಯ ಕಿಟಕಿಯಲ್ಲಿ ಪೆನ್ಸಿಲ್, ಕಣ್ಣು ಕೆಂಪಗೆ.

"ಬನ್ನಿ ಬನ್ನಿ, ಜೈಲರ್ ಸಾಹೇಬ್ರು ಬಂದ್ರು," ಎಂದ ಕ್ಷೌರಿಕ. "ಅಜ್ಜಿ, ಹುಡುಗೀನ ಒಳಗಿಟ್ಟು ಬೀಗ ಜಡಿದು ಹೋಗಿದ್ದೀರಲ್ಲ! ಒಂಬತ್ತಕ್ಕೆ ಕ್ಲಾಸು. ಏಣಿ ಇಡ್ತೀನಿ ಇಳಿಯಮ್ಮ ಅಂದ್ರೆ ಇಪ್ಪತ್ತೇಳು ಇಪ್ಪತ್ತೇಳು ಅಂತ ಅಳ್ತಾಳೆ. ನನಗೇನು ಗೊತ್ತು, ವಯಸ್ಸು ಹೇಳ್ತಿದ್ದಾಳೆ ಅಂದ್ಕೊಂಡೆ."

ನನ್ನ ಬಲಗೈ ನೋಡಿದೆ. ಅದು ಏನೂ ಆಗಿಲ್ಲವೆಂಬಂತೆ ಕೀಲಿ ಹಿಡಿದಿತ್ತು.

ಅವಳು ನನಗೆ ಹದಿನೇಳು ಸಲ ಫೋನು ಮಾಡಿದ್ದಳಂತೆ. ನನ್ನ ಫೋನು ಅಡುಗೆಮನೆಯಲ್ಲಿ ಬೇಳೆ ಡಬ್ಬದ ಮೇಲೆ ಕೂತು ಅವಳಿಗೇ ಹಾಡಿಕೊಂಡಿತ್ತು. ಕಾಲೇಜಿಗೂ ಮಾಡಿದಳಂತೆ. "ಗೈರು ಅಂದ್ರೆ ಗೈರು, ಮಧ್ಯಾಹ್ನ ಮೂರಕ್ಕೆ ಬಂದು ಪತ್ರ ತಗೊಂಡು ಹೋಗಿ" ಎಂದರಂತೆ. ಪೆಟ್ಟಿಗೆ ಆಗಲೇ ಹಾಸಿಗೆಯ ಮೇಲೆ ಬಾಯಿ ತೆರೆದುಕೊಂಡಿತ್ತು.

"ಬೈಯೇ ನನ್ನ," ಎಂದೆ.

"ಬೈದ್ರೆ ಹಾಜರಿ ಸಿಗುತ್ತಾ?" ಎಂದು ಬಿಕ್ಕಿದಳು.

ಮೂರಕ್ಕೆ ನಾನೂ ಹೋದೆ. ಕೋರ್ಸಿನ ಡೈರೆಕ್ಟರಮ್ಮನ ಕೋಣೆ ತಣ್ಣಗೆ, ಚೊಕ್ಕಟವಾಗಿ, ಯಾರೂ ಸೀನದಂಥ ಜಾಗದಂತಿತ್ತು. ಆಕೆಯ ಕನ್ನಡಕಕ್ಕೆ ಸರಪಣಿ. ಪಕ್ಕದಲ್ಲಿ ಕರಾರು ಮೇಷ್ಟ್ರು, ಗಡಿಯಾರ ಸಮೇತ.

"ನಮಗೂ ಬೇಜಾರಿದೆ," ಎಂದರು ಡೈರೆಕ್ಟರಮ್ಮ. "ಆದ್ರೆ ವಿನಾಯಿತಿ ಇರೋದು ಕಾಯಿಲೆಗೆ, ಸಾವಿಗೆ, ಕೋರ್ಟಿನ ಸಮನ್ಸಿಗೆ. ಬೀಗಕ್ಕಿಲ್ಲ."

"ಕಿಟಕಿಯಿಂದ ಇಳಿದು ಬಂದಿದ್ರೆ?" ಎಂದೆ.

"ಇಪ್ಪತ್ತೇಳು. ತೆಗೆದುಹಾಕ್ತಿದ್ವಿ."

"ಅಂದ್ರೆ ಒಳಗಿದ್ರೂ ಹೋದ್ಲು, ಹೊರಗೆ ಬಂದ್ರೂ ಹೋದ್ಲು. ಅತ್ತ ದರಿ, ಇತ್ತ ಪುಲಿ. ಸರಿ ತಾಯಿ, ಒಂಬತ್ತನೇದು ಏನು ಹೇಳುತ್ತೆ?"

ಡೈರೆಕ್ಟರಮ್ಮ ಪುಸ್ತಕ ಹುಡುಕತೊಡಗಿದರು. ಮೇಷ್ಟ್ರು ಜೇಬು ಮುಟ್ಟಿಕೊಂಡರು. ಆ ಕೋಣೆಯಲ್ಲಿ ಯಾರಿಗೂ ಒಂಬತ್ತು ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ, ಕೈಯಲ್ಲಿ ಅವರೆಕಾಳಿದೆ ಎಂದುಕೊಂಡು ಒಪ್ಪಿಸಿದೆ. "ಕೋರ್ಸಿನ ವತಿಯಿಂದ ಒದಗಿಸಲಾದ ವಸತಿಯಲ್ಲಿನ ಯಾವುದೇ ಲೋಪದ ಕಾರಣ ವಿದ್ಯಾರ್ಥಿಯು ತರಗತಿ ಕಳೆದುಕೊಂಡಲ್ಲಿ, ಅದೇ ವಾರದೊಳಗೆ ಪೂರ್ಣ ಎರಡು ಗಂಟೆಗಳ ಬದಲಿ ತರಗತಿ ನಡೆಸತಕ್ಕದ್ದು."

"ಲೋಪ ಅಂದ್ರೆ ನಲ್ಲಿ, ವಿದ್ಯುತ್ತು, ಛಾವಣಿ," ಎಂದರು ಮೇಷ್ಟ್ರು. "ಇಲ್ಲಿ ಲೋಪ ಏನಿದೆ?"

"ನಾನೇ ಇದ್ದೀನಲ್ಲ ಮೇಷ್ಟ್ರೇ, ಕಣ್ಣೆದುರಿಗೆ! ಎಪ್ಪತ್ನಾಲ್ಕು ವರ್ಷದ ಲೋಪ."

ಪೆನ್ಸಿಲ್ ಅಳುವಿನ ನಡುವೆಯೇ ಮೂಗಿನಲ್ಲಿ ನಕ್ಕಳು. ಡೈರೆಕ್ಟರಮ್ಮ ನಗಲಿಲ್ಲ. ಅಷ್ಟರಲ್ಲಿ ಪುಟ ಸಿಕ್ಕಿತ್ತು. ಓದಿದರು, ಇನ್ನೊಂದು ಸಲ ಓದಿದರು.

"ಅಜ್ಜಿ, ಇದನ್ನ ನೀವು ಬರಹದಲ್ಲಿ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ್ರೆ ಮೂವತ್ತೆಂಟು..."

"ಗೊತ್ತು. ಲೋಪ ಇರೋ ಮನೇನ ಮುಂದಿನ ವರ್ಷ ಪಟ್ಟಿಯಿಂದ ಬಿಡ್ತೀರಿ."

ಮುಂದಿನ ಬೇಸಿಗೆಗೆ ಮಹಡಿ ಖಾಲಿ. ಬಚ್ಚಲಿನ ಮುಂದೆ ಜಗಳವಿಲ್ಲ, ಕಾಳು ಸುಲಿಯುವಾಗ ಎದುರಿಗೆ ಯಾರೂ ಇಲ್ಲ. ನಾನು ಯಾರನ್ನು ಗೋಳು ಹೊಯ್ದುಕೊಳ್ಳಲಿ, ನಾದಿನಿ ಒಬ್ಬಳು ಎಷ್ಟಕ್ಕೆಂದು ಸಾಕಾಗುತ್ತಾಳೆ? ಪೆನ್ಸಿಲ್ ನನ್ನ ಸೆರಗು ಎಳೆದು, "ಬೇಡ ಅಜ್ಜಿ," ಎಂದಳು. ಅವಳ ಕಿವಿಯ ಮೇಲಿನ ಪೆನ್ಸಿಲು ಕಿತ್ತುಕೊಂಡೇ ಸಹಿ ಹಾಕಿದೆ. ಪೆನ್ನಿನಲ್ಲೇ ಹಾಕಬೇಕಂತೆ, ಮತ್ತೊಮ್ಮೆ ಹಾಕಿಸಿಕೊಂಡರು.

ಬದಲಿ ತರಗತಿ ಶನಿವಾರ ಒಂಬತ್ತೂವರೆಗೆ, ನಮ್ಮ ಮನೆಯಲ್ಲೇ. ಅವತ್ತು ಕಾಲೇಜಿನ ಕೋಣೆಗಳಿಗೆಲ್ಲ ಸುಣ್ಣ. ವಾರ ಮುಗಿಯುವುದೂ ಅವತ್ತೇ. ಮೇಷ್ಟ್ರು ಹೊಸ ಕೋಟು ಹಾಕಿಕೊಂಡು, ಕೂದಲಿಗೆ ಎಣ್ಣೆ ಮೆತ್ತಿಕೊಂಡು ಬಂದರು. ನನ್ನ ಊಟದ ಮೇಜಿನ ಎದುರು ಕೂತು ಪಾಠ ಶುರು ಮಾಡಿದರು. ಒಬ್ಬ ಕೊಟ್ಟೆ ಅಂದರೆ ಸಾಲದು, ಇನ್ನೊಬ್ಬ ಒಪ್ಪಿದೆ ಅನ್ನಬೇಕು, ಆಗ ಕರಾರು. ಇಷ್ಟು ಹೇಳಲು ಅವರಿಗೆ ಒಂದು ಗಂಟೆ ಬೇಕಾಯಿತು. ಹತ್ತೂವರೆಗೆ ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

"ಸರ್, ಇನ್ನೂ ಒಂದು ಗಂಟೆ ಇದೆ," ಎಂದಳು ಪೆನ್ಸಿಲ್.

"ಹನ್ನೊಂದಕ್ಕೆ ಕಾಲೇಜಿನ ಗ್ರೂಪ್ ಫೋಟೋ ಇದೆಯಮ್ಮ. ಮುಂದಿನ ಸಾಲಲ್ಲಿ ನನ್ನ ಕುರ್ಚಿ. ಇದನ್ನ 'ಅಪೂರ್ಣ' ಅಂತ ಬರೀತೀನಿ, ಮೇಲಿನವರು ಏನು ಮಾಡ್ತಾರೋ ನೋಡೋಣ."

ಮೇಲಿನವರು ಏನು ಮಾಡುತ್ತಾರೆಂದು ಮೂವರಿಗೂ ಗೊತ್ತಿತ್ತು. ಪೂರ್ಣ ಎರಡು ಗಂಟೆ ಎಂದರೆ ಪೂರ್ಣ ಎರಡು ಗಂಟೆ. ಅಪೂರ್ಣ ಎಂದರೆ ಪೆಟ್ಟಿಗೆ, ವಿಮಾನ, ಅವಳಮ್ಮನ ಮುಖ.

"ಇರಿ ಮೇಷ್ಟ್ರೇ, ಎರಡು ಮೆಣಸಿನಕಾಯಿ ಸಾಲದಾಗಿದೆ, ತಂದೇ ಬಿಟ್ಟೆ," ಎಂದು ನಾನು ಚೀಲ ಹಿಡಿದು ಹೊಸ್ತಿಲು ದಾಟಿದೆ.

ಹಿಂದಿನಿಂದ ಕಟಕ್ ಎಂದು ಕೇಳಿಸಿತು. ನಾನೇನು ಮಾಡಲಿ? ಕೈ.

ಕ್ಷೌರಿಕನ ಅಂಗಡಿಯಲ್ಲಿ ಕುರ್ಚಿ ಖಾಲಿ ಇತ್ತು, ಕೂತೆ. ಐದು ನಿಮಿಷಕ್ಕೆ ಮೇಲಿನಿಂದ ಕೂಗು ಶುರುವಾಯಿತು.

"ಅಜ್ಜೀ! ಬಾಗಿಲು!"

ಹೊರಗೆ ಬಂದು ತಲೆಯೆತ್ತಿದೆ. ಕಿಟಕಿಯಲ್ಲಿ ಮೇಷ್ಟ್ರ ಅರ್ಧ ಮೈ.

"ಅಯ್ಯೋ ಮೇಷ್ಟ್ರೇ, ಹಾಕಿಬಿಟ್ನಾ? ಕೀಲಿ ಎಲ್ಲಿಟ್ಟೆನೋ, ವಯಸ್ಸಾಯ್ತು ನೋಡಿ..." ಎಂದು ಚೀಲ ಹುಡುಕಿದೆ, ಜಡೆ ಹುಡುಕಿದೆ, ಕ್ಷೌರಿಕನ ಜೇಬನ್ನೂ ಹುಡುಕಿದೆ. ಸೊಂಟವೊಂದನ್ನು ಬಿಟ್ಟೆ.

"ಏಣಿ ಇಡ್ಲಾ ಸಾರ್?" ಎಂದ ಕ್ಷೌರಿಕ, ಬಹಳ ವಿನಯದಿಂದ.

ಮೇಷ್ಟ್ರು ಒಂದು ಕಾಲನ್ನು ಕಿಟಕಿಯ ಮೇಲೆ ಇಟ್ಟೇಬಿಟ್ಟರು. ಆಗ ಅವರ ಹಿಂದಿನಿಂದ ಪೆನ್ಸಿಲಿನ ದನಿ, ಸಕ್ಕರೆಯಂತೆ. "ಸರ್, ಇಪ್ಪತ್ತೇಳು. ಅದರಲ್ಲಿ ವಿದ್ಯಾರ್ಥಿ ಅಂತಿಲ್ಲ, 'ಹೊರಬಿದ್ದವರನ್ನು' ಅಂತಿದೆ."

ಬೀದಿಯೆಲ್ಲ ಮೇಲೆ ನೋಡುತ್ತಿತ್ತು. ಕಾಲು ನಿಧಾನವಾಗಿ ಒಳಗೆ ಹೋಯಿತು.

"ಹೇಗೂ ಕೂತಿದ್ದೀರಿ, ಪಾಠನಾದ್ರೂ ಮುಗಿಸಿ," ಎಂದು ನಾನು ಕೂಗಿದೆ. "ನಾನು ಹುಡುಕ್ತಾ ಇರ್ತೀನಿ!"

ಸ್ವಲ್ಪ ಹೊತ್ತಿಗೆ ಮೇಲಿನಿಂದ ಪಾಠ ಕೇಳಿಬಂತು. ಮೊದಲು ಸಿಟ್ಟಿನಲ್ಲಿ, ಆಮೇಲೆ ಸಾವಕಾಶವಾಗಿ. ಪೆನ್ಸಿಲ್ ಏನೋ ಕೇಳಿದಳು, ಅವರು ಉತ್ತರ ಕೊಟ್ಟರು, ಅವಳು ಒಪ್ಪಲಿಲ್ಲ, ಇಬ್ಬರೂ ಜೋರು ಜೋರಾಗಿ ವಾದಕ್ಕೆ ಬಿದ್ದರು. ಕ್ಷೌರಿಕ ಸೋಪು ಹಚ್ಚಿದ ಗಿರಾಕಿಯನ್ನು ಹಾಗೇ ಬಿಟ್ಟು ಕೇಳುತ್ತ ನಿಂತ. ಕಾಲೇಜಿನಲ್ಲಿ ಫೋಟೋ ಆಗಿರಬೇಕು. ಮುಂದಿನ ಸಾಲಿನ ಕುರ್ಚಿಗೂ ಒಂದು ಗೈರು.

ಹನ್ನೊಂದೂವರೆ ಹೊಡೆಯಿತು. ಕೀಲಿ ಸಿಕ್ಕಿತು.

ಮೇಷ್ಟ್ರು ಹಾಜರಿ ಪಟ್ಟಿ ಮೇಜಿನ ಮೇಲಿಟ್ಟು 'ಪೂರ್ಣ' ಎಂದು ಬರೆದು ಸಹಿ ಮಾಡಿದರು. ಹುಡುಗಿ ಆ ಕಾಗದವನ್ನು ಎದೆಗವಚಿಕೊಂಡಳು. ಮೇಷ್ಟ್ರು ಮೆಟ್ಟಿಲಿಳಿಯುವಾಗ ನನ್ನ ಚೀಲಕ್ಕೆ ಇಣುಕಿದರು.

"ಮೆಣಸಿನಕಾಯಿ ಎಲ್ಲಿ ಅಜ್ಜಿ?"

"ಮರೆತೇ ಹೋಯ್ತು ನೋಡಿ."

"ಬೇಕಂತಲೇ ಹಾಕಿದ್ರಿ, ಅಲ್ವಾ?"

"ನಾನು ಹಾಕಿದೆ ಅಂದ್ರೆ ಸಾಲದು ಮೇಷ್ಟ್ರೇ, ನೀವು ಕಿಟಕಿ ಹತ್ತಿದೆ ಅಂತ ಒಪ್ಪಬೇಕು. ಆಗ ಕರಾರು."

ಅವರು ಮೀಸೆಯೊಳಗೆ ಏನೋ ಮಾಡಿದರು. ನಗು ಅಂತ ಇಟ್ಟುಕೊಳ್ಳೋಣ.

ಪೆನ್ಸಿಲ್ ಪಾಸಾಗಿ ಹೋದಳು. ಮರುವರ್ಷ ಹೇಳಿದಂತೆಯೇ ನನ್ನ ಮನೆಯನ್ನು ಪಟ್ಟಿಯಿಂದ ಬಿಟ್ಟರು. ಆ ಬೇಸಿಗೆಯನ್ನು ನಾದಿನಿ ಹೇಗೆ ಸಹಿಸಿದಳೋ, ಅವಳನ್ನೇ ಕೇಳಬೇಕು. ಅದರ ಮುಂದಿನ ವರ್ಷ ಪಟ್ಟಿಗೆ ಮತ್ತೆ ಸೇರಿಸಿ, ಹೊಸ ಪುಸ್ತಕ ಕಳಿಸಿದರು. ಕ್ಷೌರಿಕನಿಂದ ಓದಿಸಿದೆ. ನಿಯಮಗಳು ಈಗ ನಲವತ್ತಮೂರು. ಕೊನೆಯದು ಹೀಗಿದೆ: ಆತಿಥೇಯರ ಮನೆಯ ಬೀದಿಬಾಗಿಲಿಗೆ ಕನಿಷ್ಠ ಎರಡು ಕೀಲಿಗಳು ಇರತಕ್ಕದ್ದು.

ನಿಯಮ ಅಂದಮೇಲೆ ಪಾಲಿಸಬೇಕಲ್ಲ, ಎರಡನೆಯ ಕೀಲಿ ಮಾಡಿಸಿದ್ದೇನೆ. ಅದನ್ನೂ ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೇನೆ. ಯಾರ ಹತ್ತಿರ ಇರಬೇಕು ಅಂತ ಅವರು ಬರೆದಿಲ್ಲ.