ಗುರುವಿನ ಚಂದ್ರನಿಗೆ ಎರಡು ರೇಡಿಯೋ

ಕುಮಟಾದ ಒಂದು ಕಾಲೇಜಿನ ವಿಜ್ಞಾನ ಸಂಘ ೧೯೮೩ರಲ್ಲಿ ಗುರುಗ್ರಹದ ಚಂದ್ರ ಯುರೋಪಾಕ್ಕೆ ಯಂತ್ರವೊಂದನ್ನು ಕಳಿಸುವುದೆಂದು ತೀರ್ಮಾನಿಸಿತು. ಕಳಿಸುವುದೆಲ್ಲ ಕಾಗದದ ಮೇಲೆ, ಜೊತೆಗೊಂದು ತಗಡಿನ ಮಾದರಿ. ವಸ್ತುಪ್ರದರ್ಶನಕ್ಕೆ ಅಷ್ಟು ಸಾಕು. ಆ ಚಂದ್ರನ ಮೈಯೆಲ್ಲ ಹಿಮ, ಅಡಿಯಲ್ಲಿ ಕಡಲಿರಬಹುದು ಎಂದು ಭೌತಶಾಸ್ತ್ರದ ತ್ರ್ಯಂಬಕ ಮಾಸ್ತರರು ಹೇಳಿದಾಗ ಮೀನುಗಾರರ ಮನೆಯ ಹುಡುಗರಿಗೆ ಹುರುಪು ಬಂತು. ಕಡಲೆಂದ ಮೇಲೆ ಅದು ತಮ್ಮ ಕೆಲಸವೇ.

ಯಂತ್ರದಲ್ಲಿ ಏನೇನು ತುಂಬಬೇಕೆಂದು ಕೇಳಿದರೆ ಆ ಹುಡುಗರಲ್ಲೊಬ್ಬ, ವೆಂಕಟ, ಮೊದಲು ಐಸ್ ಎಂದ, ಆಮೇಲೆ ಅಕ್ಕಿ ಎಂದ.

"ಹಿಮದ ಚಂದ್ರಂಗೆ ಐಸ್ ಎಂತಕ್ಕೆ ಮಾರಾಯಾ?" ಎಂದರು ಮಾಸ್ತರರು.

"ಐಸ್ ತುಂಬದೆ ಬೋಟು ಹೊರಡೂದೇ ಇಲ್ಲ, ಸರ್."

ಯಂತ್ರದಲ್ಲಿ ಉಣ್ಣುವವರೂ ಇಲ್ಲ, ಮೀನೂ ಇಲ್ಲ ಎಂದು ಅವನನ್ನು ಒಪ್ಪಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಯಂತ್ರದ ಲೆಕ್ಕ ಹಾಕುತ್ತಿದ್ದ ಕಮಲಿಯ ತಕರಾರು ಬೇರೆ. "ವಾಪಸ್ ಬರೂಕೆ ಇಂಧನ ಎಲ್ಲಿ ಅದೆ, ಸರ್?"

"ಬರೂದಿಲ್ಲ. ಅಲ್ಲೇ ಇರ್ತದೆ."

"ಹಂಗಾರೆ ನಾ ಮಾಡೂದಿಲ್ಲ," ಎಂದು ಪೆನ್ಸಿಲ್ ಕೆಳಗಿಟ್ಟಳು. ಅವಳು ಬಿಟ್ಟರೆ ಯಾನ ಮುಗಿದಂತೆಯೇ. ಸಂಘದಲ್ಲಿ ಗಣಿತ ಬರುತ್ತಿದ್ದದ್ದು ಅವಳೊಬ್ಬಳಿಗೇ.

ಕಾರಣ ಎಲ್ಲರಿಗೂ ಗೊತ್ತಿತ್ತು. ಬೋಟಿಗೆ ಹೋದ ಅವಳ ಅಪ್ಪ ಸೋಮ ಮರಳಿರಲಿಲ್ಲ. ಹೆಣ ಸಿಗಲಿಲ್ಲ, ಬೋಟಿನ ಒಂದು ಹಲಗೆಯೂ ಸಿಗಲಿಲ್ಲ. ಮೀನು ಮಾರುವ ತಾಯಿ ದುರ್ಗಮ್ಮ ಕುಂಕುಮ ಇಡಬೇಕೋ ಅಳಿಸಬೇಕೋ ಎಂದು ಕೇರಿಯೇ ಎರಡು ಪಕ್ಷವಾಗಿತ್ತು. ಕೇರಿಗೆ ಬೇರೆ ಕೆಲಸವಿರಲಿಲ್ಲ. ದುರ್ಗಮ್ಮ ಇಡುತ್ತಲೇ ಇದ್ದಳು.

ಕಮಲಿ ವಾರವಿಡೀ ಲೆಕ್ಕ ಹಾಕಿದಳು. ಮರಳುವಷ್ಟು ಇಂಧನ ಹೊತ್ತರೆ ಯಂತ್ರ ನೆಲ ಬಿಟ್ಟು ಏಳುವುದೇ ಇಲ್ಲ. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮಾಸ್ತರರ ಬಳಿ ಹೋಗಿ, "ಬರೂದು ಬೇಡ. ಆದ್ರೆ ರೇಡಿಯೋ ಎರಡು ಬೇಕು. ಒಂದು ಕೆಟ್ರೆ ಇನ್ನೊಂದು" ಎಂದಳು. ತೂಕ ಹೊಂದಿಸಲು ಹಿಮ ಕೊರೆಯುವ ಬೈರಿಗೆಯನ್ನು ಗಿಡ್ಡ ಮಾಡಬೇಕಾಯಿತು. ಆ ಬೈರಿಗೆಯೆಂದರೆ ಮಾಸ್ತರರಿಗೆ ಪ್ರಾಣ. ಗೊಣಗುತ್ತಲೇ ಒಪ್ಪಿದರು.

ವಸ್ತುಪ್ರದರ್ಶನದಲ್ಲಿ ಬೈರಿಗೆಯ ಉದ್ದ ಸಾಲದೆಂದು ತೀರ್ಪುಗಾರರು ಬಹುಮಾನವನ್ನು ಗೋಬರ್ ಗ್ಯಾಸಿನ ಮಾದರಿಗೆ ಕೊಟ್ಟರು. ಸಂಜೆ ದುರ್ಗಮ್ಮ ಮೀನುಪೇಟೆಯಿಂದ ನೇರ ಬಂದು, ಖಾಲಿ ಬುಟ್ಟಿ ಬಾಗಿಲಲ್ಲಿಟ್ಟು, ತಗಡಿನ ಯಂತ್ರವನ್ನು ಒಂದು ಸುತ್ತು ಬಂದು ನೋಡಿದಳು.

"ಇದು ತಿರ್ಗಿ ಬತ್ತದಾ?"

ಕಮಲಿ ಎರಡು ರೇಡಿಯೋಗಳನ್ನೂ ಮುಟ್ಟಿ ತೋರಿಸಿದಳು. "ಇಲ್ಲ ಅಮ್ಮ. ಆದ್ರೆ ಎಲ್ಲಿ ಅದೆ, ಎಂತ ಆತು ಅಂತ ಹೇಳ್ತಾ ಇರ್ತದೆ. ಕಡೇವರೆಗೂ."

ದುರ್ಗಮ್ಮ ಬಾಗಿಲಿಗೆ ಹೋಗಿ ಬುಟ್ಟಿ ಎತ್ತಿಕೊಂಡಳು.

"ಅಷ್ಟು ಹೇಳಿದ್ರೆ ಸಾಕಾಗಿತ್ತು," ಎಂದಳು.